ಎರಡನೆಯ ತವರದ ಬೊಟ್ಟು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನಮ್ಮ ಮನೆಯವರಿಗೆ ಗೊತ್ತಿರುವಷ್ಟು ಈ ನದೀತೀರದಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಕೋಟೆಯ ಸಿಪಾಯಿಗಳ ಸೊಂಟದ ಮೇಲೆ ಬೆಳ್ಳಿಯೆಂದು ಹೊಳೆಯುವುದರಲ್ಲಿ ಮುಕ್ಕಾಲು ಪಾಲು ನನ್ನ ಒಲೆಯ ಮುಂದೆ ಕಲಾಯಿ ಕಂಡ ಹಿತ್ತಾಳೆ. ನನ್ನ ಹೆಸರು ಲೌಬಾ. ಮೊದಲು ಗಂಡ ಈ ಕೆಲಸ ಮಾಡುತ್ತಿದ್ದ. ಅವನು ಕೆಮ್ಮಿ ಕೆಮ್ಮಿ ಹೋದ ಮೇಲೆ ನಾನು ಮಾಡುತ್ತಿದ್ದೇನೆ. ಹೆಂಗಸಿನ ಕೈಯಲ್ಲಿ ಕಲಾಯಿ ನಿಲ್ಲುವುದಿಲ್ಲ ಎಂದು ಆಗ ಹಲ್ಲು ಕಿಸಿದವರೇ ಈಗ ನಡುಪಟ್ಟಿ ಹಿಡಿದುಕೊಂಡು ನನ್ನ ಬಾಗಿಲಲ್ಲಿ ಕಾಯುತ್ತಾರೆ. ಕಾಯಲಿ, ನನಗೇನು.

ಕೆಲಸ ನೋಡುವವರಿಗೆ ಸುಲಭ. ಪಟ್ಟಿಯ ಬಿಲ್ಲೆಯನ್ನು ಹುಳಿತ ದ್ರಾಕ್ಷಾರಸದಲ್ಲಿ ತೊಳೆದು, ಇದ್ದಿಲಿನ ಮೇಲೆ ಹಿಡಿದು, ರಾಳದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಅಗಸೆ ನಾರಿನ ಉಂಡೆಯಿಂದ ಒಂದೇ ಎಳೆತಕ್ಕೆ ಒರೆಸಬೇಕು. ಶಾಖ ಕಡಿಮೆಯಾದರೆ ತವರ ಗಂಟು ಕಟ್ಟುತ್ತದೆ. ಹೆಚ್ಚಾದರೆ ಇನ್ನೂ ಕೇಡು. ಬಿಲ್ಲೆಯಲ್ಲಿ ಕೊರೆದ ಬಳ್ಳಿಯೊಳಗೆ ಬೆಳ್ಳಿಪುಡಿ, ಸೀಸ, ಗಂಧಕ ಕರಗಿಸಿ ಮಾಡಿದ ಕರಿ ತುಂಬಿರುತ್ತೇವೆ, ಬಿಳಿಯ ಮೇಲೆ ಎದ್ದು ಕಾಣಲಿ ಎಂದು. ಶಾಖ ಮೀರಿದರೆ ಆ ಕರಿ ಗುಳ್ಳೆ ಎದ್ದು ಬಳ್ಳಿಯಿಂದ ಹೊರಗೆ ಬರುತ್ತದೆ. ಶಾಖ ಸರಿಯಾಯಿತೋ ಇಲ್ಲವೋ ನೋಡಲು ಬೇರೆ ಕಲಾಯಿಯವರು ಬಿಲ್ಲೆಯ ಮೇಲೆ ಉಗುಳುತ್ತಾರೆ. ನಮ್ಮ ಮನೆಯಲ್ಲಿ ಆ ಅಸಹ್ಯ ಇಲ್ಲ. ಬಿಲ್ಲೆಯನ್ನು ಮಗುಚಿ, ಹಿಂಬದಿಯ ಒಂದು ಮೂಲೆಗೆ ತವರದ ಕಡ್ಡಿಯ ತುದಿ ತಾಗಿಸುತ್ತೇವೆ. ಅದು ಕರಗಿ ಬೇಳೆಕಾಳಿನಷ್ಟು ಬೊಟ್ಟಾಗಿ ನಿಂತರೆ ಶಾಖ ಸರಿ. ಅದೇ ಬಿಲ್ಲೆ ಮತ್ತೊಮ್ಮೆ ಕಲಾಯಿಗೆ ಬಂದರೆ ಬೊಟ್ಟು ಬೇರೆ ಮೂಲೆಗೆ ಇಡುತ್ತೇವೆ. ನನ್ನ ಮಾವ ಹಾಕಿಕೊಟ್ಟ ಪದ್ಧತಿ. ನದಿಯ ಈಚೆಗೂ ಆಚೆಗೂ ಬೇರೆ ಯಾರೂ ಹೀಗೆ ಮಾಡುವುದನ್ನು ನಾನು ಕಂಡಿಲ್ಲ.

ನನಗಿರುವುದು ಒಬ್ಬಳೇ ಮಗಳು, ಸುವಾದಾ. ಅವಳು ಕೈಹಿಡಿದದ್ದು ಥ್ರೇಸ್ ನಾಡಿನಿಂದ ಬಂದ ದೀಜಾಸ್ ಎಂಬ ಸಿಪಾಯಿಯನ್ನು. ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆಗೆ ಹೇಳುತ್ತಾರಲ್ಲ, ನಮ್ಮಲ್ಲಿ ದಂಡಿನ ಕಾನೂನಿಗೆ ಅವನು ಎರಡೂ ಅಲ್ಲ. ಸೇವೆ ಮುಗಿಯುವ ತನಕ ಸಿಪಾಯಿಗೆ ಮದುವೆ ಇಲ್ಲ. ಹೆಂಗಸಿನ ಜೊತೆ ಇರಬಹುದು, ಮಕ್ಕಳನ್ನು ಪಡೆಯಬಹುದು, ಕೋಟೆಗೋಡೆಯ ಹೊರಗಿನ ಈ ಕೇರಿಯಲ್ಲಿ ಮನೆ ಮಾಡಬಹುದು, ಗಂಡ ಎನ್ನುವಂತಿಲ್ಲ. ಇವರಿಬ್ಬರಿಗೂ ಲಲ್ಲಾ ಎಂಬ ಮಗಳಿದ್ದಾಳೆ. ಬಾಯಿಬಡುಕಿ, ಮಾತು ಶುರು ಮಾಡಿದರೆ ನನ್ನನ್ನೇ ಸುಮ್ಮನಾಗಿಸುತ್ತಾಳೆ.

ದೀಜಾಸ್ ಒಳ್ಳೆಯವನು. ಮೊದಲು ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಆಮೇಲೆ ಅವನಿಲ್ಲದೆ ಆಗುತ್ತಿರಲಿಲ್ಲ. ಸೇವೆ ಮುಗಿದ ಮೇಲೆ ನನ್ನ ಒಲೆಯನ್ನು ಅವನೇ ನಡೆಸಲಿ ಎಂಬ ಆಸೆಯಿಂದ ಬಿಡುವಾದಾಗಲೆಲ್ಲ ಕೂರಿಸಿಕೊಂಡು ಕಲಿಸಿದೆ. ಎಲ್ಲ ಕಲಿತ, ಬೊಟ್ಟಿಡುವುದನ್ನೂ ಕಲಿತ, ಒಂದನ್ನು ಮಾತ್ರ ಕಲಿಯಲಿಲ್ಲ. ಬೊಟ್ಟು ಕರಗಿದ ಮೇಲೂ ಬಿಲ್ಲೆಯನ್ನು ಬೆಂಕಿಯಿಂದ ತೆಗೆಯುತ್ತಿರಲಿಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಹಿಡಿದೇ ಇರುತ್ತಿದ್ದ, ಕರಿ ಗುಳ್ಳೆ ಏಳುತ್ತಿತ್ತು. ನಾನು ಬೈದರೆ, ‘ನಿಮ್ಮೂರು ಚಳಿ ಅತ್ತೆ, ಬೆಂಕಿ ಬಿಟ್ಟು ಕೈ ಬರಲ್ಲ’ ಎಂದು ನಗುತ್ತಿದ್ದ. ಸುವಾದಾ ಹತ್ತಿರ ಕೂತು ಅವನ ಗುಳ್ಳೆ ಎದ್ದ ಬಿಲ್ಲೆಗಳನ್ನು ಕೆರೆದು ಸರಿಮಾಡುತ್ತಿದ್ದಳು, ನನ್ನ ಕಣ್ಣಿಗೆ ಬೀಳದ ಹಾಗೆ. ನನ್ನ ಕಣ್ಣಿಗೆ ಬೀಳದ್ದು ಆ ಮನೆಯಲ್ಲಿ ಯಾವುದಿತ್ತು?

ಹೋದ ಶರತ್ಕಾಲದಲ್ಲಿ ಅವನಿಗೆ ಕೇಡು ಬಂದದ್ದೂ ಆ ಪಟ್ಟಿಯಿಂದಲೇ. ಅವರ ದಳಪತಿ ಕಾಲ್ವೆಂಟಿಯಸ್, ಅಧಿಕಾರದ ಗುರುತಾದ ದ್ರಾಕ್ಷಿಬಳ್ಳಿಯ ಕೋಲನ್ನು ಕೈಬಿಡದ ಮನುಷ್ಯ, ಒಂದು ಬೆಳಿಗ್ಗೆ ತಪಾಸಣೆ ಇಟ್ಟ. ದೀಜಾಸ್ ಹಿಂದಿನ ದಿನ ಕಾವಲಿನಿಂದ ಬಂದವನು ಅವಸರಕ್ಕೆ ಬಿಲ್ಲೆಗಳನ್ನು ನದಿಯ ಮರಳು ಹಾಕಿ ಉಜ್ಜಿಕೊಂಡಿದ್ದ. ಮರಳು ಕಲಾಯಿಯನ್ನು ತಿನ್ನುತ್ತದೆ ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಬಿಳಿ ಹೋಗಿ ಕೆಳಗಿನ ಹಳದಿ ಇಣುಕುತ್ತಿತ್ತು. ಕಾಲ್ವೆಂಟಿಯಸ್ ಪಟ್ಟಿ ಬಿಚ್ಚಿಸಿದ, ಬಾಕನ್ನೂ ತೆಗೆಸಿದ, ಕೋಟೆಯ ಕಚೇರಿಯ ಮುಂದೆ ಸಂಜೆಯ ತನಕ ಹಾಗೆಯೇ ನಿಲ್ಲಿಸಿದ. ಪಟ್ಟಿ ಇಲ್ಲದ ಸಿಪಾಯಿಯ ಅಂಗಿ ಮೊಣಕಾಲಿನ ಕೆಳಗೆ ಇಳಿದು ಹೆಂಗಸಿನ ಬಟ್ಟೆಯ ಹಾಗೆ ಜೋಲುತ್ತದೆ. ಹೋಗುವವರು ಬರುವವರು ನೋಡುತ್ತಾರೆ. ಹೊಡೆತವಾದರೆ ಬೆನ್ನಿಗೆ ಬೀಳುತ್ತದೆ, ಇದು ಮುಖಕ್ಕೆ ಬೀಳುವ ಶಿಕ್ಷೆ.

ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ. ಲಲ್ಲಾ ತೊಡೆ ಹತ್ತಿದರೆ ಇಳಿಸಿಬಿಟ್ಟ. ನಾನು ಬಿಲ್ಲೆಗಳನ್ನೆಲ್ಲ ಬಿಚ್ಚಿಸಿಕೊಂಡು ನನ್ನ ಕೈಯಾರೆ ಹೊಸದಾಗಿ ಕಲಾಯಿ ಹಾಕಿದೆ. ಹಳೆಯ ಬೊಟ್ಟುಗಳನ್ನೆಲ್ಲ ಕೆರೆದು, ಒಂದೊಂದರ ಹಿಂದೆಯೂ ಮೇಲಿನ ಬಲ ಮೂಲೆಯಲ್ಲಿ ಬೊಟ್ಟಿಟ್ಟೆ. ಬಾಕು ತೂಗುಹಾಕುವ ಗುಂಡಿಯಿರುವ ದೊಡ್ಡ ಬಿಲ್ಲೆಯನ್ನಂತೂ ರಾಜನ ಸೊಂಟಕ್ಕೆ ಸಲ್ಲುವ ಹಾಗೆ ಮಾಡಿಕೊಟ್ಟೆ. ಅವನು ಅದನ್ನು ಕಟ್ಟಿಕೊಂಡು ಹೋದ, ನೋಡಲೂ ಇಲ್ಲ. ಕೆಲವು ದಿನದಲ್ಲೇ ಮರ ಕಡಿಯಲು ನದಿ ದಾಟಿದ ತಂಡದಲ್ಲಿ ಅವನನ್ನೂ ಕಳಿಸಿದರು. ಆಚೆಯ ಕಾಡಿನವರು ಮೇಲೆ ಬಿದ್ದರು. ಕೆಲವರು ಸತ್ತರು, ಕೆಲವರು ದೋಣಿ ಹಿಡಿದರು. ಹೆಣಗಳನ್ನು ತಂದಾಗ ದೀಜಾಸ್ ಅವುಗಳಲ್ಲಿ ಇರಲಿಲ್ಲ, ದೋಣಿಯಲ್ಲೂ ಇರಲಿಲ್ಲ.

ಇದಾದ ಮೇಲೆ ನಮಗೆ ಉಳಿದದ್ದು ಒಂದೇ ಪ್ರಶ್ನೆ. ಸತ್ತನೋ, ಓಡಿಹೋದನೋ? ಪ್ರೀತಿಯ ಮಾತು ಆಮೇಲಿನದು. ಇರುವ ಸೂರಿನ ಮಾತು ಮೊದಲಿನದು. ಸತ್ತವನ ಮನೆಗೆ ದಂಡು ಮರ್ಯಾದೆ ಕೊಡುತ್ತದೆ, ಜೊತೆಗಾರರು ಕಲ್ಲು ನಿಲ್ಲಿಸುತ್ತಾರೆ. ಓಡಿಹೋದವನ ಹೆಂಗಸು ಮಕ್ಕಳು ಕೋಟೆಯ ನೆರಳಿನಲ್ಲಿ ಇರಕೂಡದು ಎಂದು ಕೋಟೆಯ ಅಧಿಕಾರಿಯ ಆಜ್ಞೆ. ಅದರ ಹಿಂದಿನ ವರ್ಷ ನಮ್ಮ ಸಾಲಿನ ರೊಟ್ಟಿ ಸುಡುವವಳ ಗತಿ ಹಾಗೇ ಆಯಿತು. ಹಿಮ ಬೀಳುತ್ತಿದ್ದಾಗ ಮನೆಯ ಮಾಡು ಕಿತ್ತು, ಎರಡು ಮಕ್ಕಳ ಜೊತೆ ರಸ್ತೆಗೆ ಬಿಟ್ಟರು. ಚಿಕ್ಕದು ಮುಂದಿನ ಊರು ತಲುಪಲಿಲ್ಲ ಎಂದು ಆಮೇಲೆ ಕೇಳಿದೆವು. ಹಾಗಾಗಿ ಚಳಿಗಾಲವಿಡೀ ಬಾಗಿಲು ಬಡಿದ ಸದ್ದಾದರೆ ನಾನು ಲಲ್ಲಾಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದೆ. ಕಚೇರಿಯವರು ಅವನ ಹೆಸರಿನ ಮುಂದೆ ಏನನ್ನೂ ಬರೆಯದೆ ಬಿಟ್ಟಿದ್ದಾರೆ ಎಂದು ಅವನ ಜೊತೆಗಾರರು ಬಂದು ಹೇಳಿ ಹೋಗುತ್ತಿದ್ದರು. ಸುವಾದಾ ಕೇಳಿಸಿಕೊಂಡು ನಾರು ಬಿಡಿಸುತ್ತಾ ಕೂರುತ್ತಿದ್ದಳು. ಅವಳು ಅಳಲಿಲ್ಲ. ನಮ್ಮ ಕೇರಿಯ ಹೆಂಗಸರು ಅದಕ್ಕೂ ಬಾಯಿ ಹಾಕಿದರು; ಅತ್ತಿದ್ದರೆ ಅದಕ್ಕೂ ಹಾಕುತ್ತಿದ್ದರು.

ನದಿಯ ಮೇಲಿನ ಮಂಜುಗಡ್ಡೆ ಒಡೆದ ಮೇಲೆ ಒಂದು ಮಧ್ಯಾಹ್ನ ಕಾಲ್ವೆಂಟಿಯಸ್ ತಾನೇ ಬಂದ. ನಾವು ಬಾರ್ಲಿ ಗಂಜಿ ಉಂಡು ಎದ್ದಿದ್ದೆವಷ್ಟೆ. ನಾನು ಕೂರಿ ಎಂದರೂ ಅವನು ಕೂರಲಿಲ್ಲ, ಅಂಗಿಯೊಳಗಿಂದ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ತೆಗೆದ. ಬಾಕು ತೂಗುವ ಗುಂಡಿಯಿದ್ದ ಬಿಲ್ಲೆ. ಹಿಂಬದಿಯಲ್ಲಿ ಚುಕ್ಕಿ ಕುಟ್ಟಿ ಬರೆದ ದೀಜಾಸನ ಹೆಸರು. ಆಚೆ ದಡದಲ್ಲಿ ಬಾತಿನ ಪುಕ್ಕ, ತುಪ್ಪಳ ಕೊಳ್ಳುವ ಒಬ್ಬ ವ್ಯಾಪಾರಿ ಅಲ್ಲಿಯ ಸಂತೆಯ ಹಳೆಸಾಮಾನಿನ ರಾಶಿಯಲ್ಲಿ ಇದನ್ನು ಕಂಡು ತಂದನಂತೆ.

ನಾನು ಕೈ ಚಾಚುವ ಮೊದಲೇ ಸುವಾದಾ ಅದನ್ನು ತೆಗೆದುಕೊಂಡಳು. ಮುಂದೆ ನೋಡಿದಳು, ಮಗುಚಿ ನೋಡಿದಳು, ಹೆಬ್ಬೆರಳಿನಿಂದ ಹೆಸರನ್ನು ಸವರಿದಳು. ಆಮೇಲೆ ನನ್ನ ಕೈಗೆ ಕೊಟ್ಟು ಒಲೆಯ ಬದಿಗೆ ಸರಿದು ನಿಂತಳು.

ಕಾಲ್ವೆಂಟಿಯಸ್ ಕೇಳಿದ, ‘ಹೆಸರು ನಾನು ಓದಿದೀನಿ, ಅದು ಅವನದೇ. ನಂಗೆ ಬೇಕಾದದ್ದು ಬೇರೆ. ಚಳಿಗಾಲ ಪೂರಾ ಹೆಣದ ಸೊಂಟದಲ್ಲೋ ಮಣ್ಣಲ್ಲೋ ಬಿದ್ದಿದ್ರೆ ಇದು ಹಿಂಗೆ ಹೊಳೀತದಾ ಲೌಬಾ? ಇದಕ್ಕೆ ಆಮೇಲೆ ಯಾರೋ ಕಲಾಯಿ ಹಾಕಿದಾರೆ ಅಂತ ನನ್ನ ಅನುಮಾನ. ನೀನು ನೋಡಿ ಹೇಳು. ನೀನು ಹೇಳಿದ್ದನ್ನೇ ಬರೆಸ್ತೀನಿ.’

ನಾನು ಬೆಳಕಿಗೆ ಹಿಡಿದೆ. ಮುಂಬದಿಯ ಕಲಾಯಿ ನನ್ನದಲ್ಲ. ಶಾಖ ಮೀರಿ ಅಂಚಿಗೆ ಹಳದಿ ತಿರುಗಿತ್ತು. ಬಳ್ಳಿಯ ಕರಿ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಮಗುಚಿದೆ. ಮೇಲಿನ ಬಲ ಮೂಲೆಯಲ್ಲಿ ನಾನಿಟ್ಟ ಬೊಟ್ಟು, ಮಂಕಾಗಿತ್ತು. ಕೆಳಗಿನ ಎಡ ಮೂಲೆಯಲ್ಲಿ ಇನ್ನೊಂದು ಬೊಟ್ಟು, ಹೊಸದು, ಬೇಳೆಕಾಳಿನಷ್ಟು.

ಬದುಕಿದ್ದಾನೆ. ಆಚೆ ಕಾಡಿನಲ್ಲಿ ಎಲ್ಲೋ ಒಲೆ ಹಾಕಿಕೊಂಡು, ನಾನು ಕಲಿಸಿದ ಕೈಕೆಲಸದಿಂದ ಆ ಜಡೆಕೂದಲಿನವರ ಪಟ್ಟಿಗಳಿಗೆ ಕಲಾಯಿ ಹಾಕಿಕೊಂಡು, ಈಗಲೂ ಶಾಖ ಮೀರಿಸಿಕೊಂಡು ಬದುಕಿದ್ದಾನೆ. ನನಗೆ ಸಂತೋಷವಾಯಿತು, ಹೇಳಿಬಿಡುತ್ತೇನೆ. ಅದರ ಬೆನ್ನಿಗೇ ಅವನ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು. ಸೆರೆಯಾಳಾಗಿ ಹಿಡಿದಿಟ್ಟಿರಬಹುದಲ್ಲ ಎಂದೂ ಒಂದು ಮನಸ್ಸು ಹೇಳಿತು. ಆದರೆ ಕಾಲ್ವೆಂಟಿಯಸನ ಕಚೇರಿಗೆ ಅಂಥ ಬಿಡಿಸಿ ನೋಡುವ ಬುದ್ಧಿ ಇಲ್ಲ. ಒಲೆ ಊದಲು ಕೈ ಬಿಡುವಿದ್ದವನಿಗೆ ಈಜಲು ಕೈ ಬಿಡುವಿರಲಿಲ್ಲವೇ ಎನ್ನುತ್ತಾರೆ. ಲಲ್ಲಾ ನೆಲದ ಮೇಲೆ ಇದ್ದಿಲಿನಿಂದ ಹಂದಿ ಬರೆಯುತ್ತಾ ದಳಪತಿಯ ಬೂಟಿನ ಮೇಲೂ ಬಾಲ ಎಳೆಯುತ್ತಿದ್ದಳು. ರೊಟ್ಟಿಯವಳ ಚಿಕ್ಕ ಮಗು ನನ್ನ ಕಣ್ಣ ಮುಂದೆ ಬಂತು.

‘ಕಲಾಯಿ ನಂದೇ. ನಾನು ಹಾಕಿದ ತವರ ಒಂದು ಚಳಿಗಾಲಕ್ಕೆ ಮಂಕಾಗೋ ಹಾಗಿದ್ರೆ ನಾನು ಒಲೆ ಮುಚ್ಚಿ ಬಾತುಕೋಳಿ ಕಾಯೋಕೆ ಹೋಗ್ತೀನಿ. ಮಾರೋನು ಸೀಮೆಸುಣ್ಣ ಹಾಕಿ ಉಜ್ಜಿದಾನೆ, ಅದಕ್ಕೆ ಹೊಳೀತದೆ’ ಎಂದೆ.

‘ಮತ್ತೆ ಈ ಗುಳ್ಳೆ? ಇದೂ ನಿಂದೇನಾ? ನಿನ್ನ ಕೆಲಸದಲ್ಲಿ ಇಂಥದ್ದು ನಾನು ಕಂಡಿಲ್ಲ.’

ಬಿಲ್ಲೆಯನ್ನು ಮತ್ತೆ ಬೆಳಕಿಗೆ ತಿರುಗಿಸಿದೆ. ಆಮೇಲೆ ಅದು ಹೇಗೆ ಹೊಳೆಯಿತೋ, ನಮ್ಮ ಮನೆದೇವತೆಗಳಾದ ಮೂವರು ತಾಯಂದಿರಿಗೇ ಗೊತ್ತು. ಅವನ ತಪ್ಪೇ ನಮ್ಮನ್ನು ಕಾಯಲಿ ಎಂದುಕೊಂಡೆ.

‘ಅದು ಬೆಂಕಿ. ಕರಿ ಹಿಂಗೆ ಏಳಬೇಕಾದ್ರೆ ಬಿಲ್ಲೆ ದೊಡ್ಡ ಬೆಂಕೀಲಿ ಬಿದ್ದಿರಬೇಕು. ಆಚೆಯೋರು ಹಿಡಿದೋರನ್ನ ಏನ್ ಮಾಡ್ತಾರೆ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಸೊಂಟದಲ್ಲಿ ಇದ್ದಾಗ್ಲೇ ಬಿದ್ದಿದೆ.’

ಬೆಂಕಿಗೆ ಬಿದ್ದ ಬಿಲ್ಲೆಯಲ್ಲಿ ಕರಿ ಏಳುವ ಮೊದಲೇ ತವರ ಕರಗಿ ಹರಿದುಹೋಗುತ್ತದೆ ಎಂದು ಈ ಕಸುಬಿನ ಯಾರಾದರೂ ಪಕ್ಕದಲ್ಲಿದ್ದರೆ ಹೇಳಿಬಿಡುತ್ತಿದ್ದರು. ಪಕ್ಕದಲ್ಲಿ ಇದ್ದವಳು ನನ್ನ ಮಗಳೊಬ್ಬಳೇ. ಅವಳ ಕಡೆಗೆ ನೋಡುವ ಧೈರ್ಯ ನನಗಾಗಲಿಲ್ಲ. ಕಾಲ್ವೆಂಟಿಯಸ್ ಒಲೆಯ ಮೇಲಿನ ಗೂಡಿನಲ್ಲಿದ್ದ ಮೂವರು ತಾಯಂದಿರ ಮಣ್ಣಿನ ಮೂರ್ತಿ ತೋರಿಸಿ ಆಣೆ ಮಾಡು ಎಂದ. ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತ ನಮ್ಮ ತಾಯಂದಿರು, ಮಕ್ಕಳನ್ನು ಕಾಯುವವರು. ಅವರ ಮೇಲೆ ಕೈಯಿಟ್ಟು ಸುಳ್ಳಾಣೆ ಮಾಡಿದೆ. ಮಕ್ಕಳನ್ನು ಕಾಯುವವರಿಗೆ ನನ್ನ ಕಷ್ಟ ತಿಳಿಯದಿದ್ದರೆ ಅವರು ಅಲ್ಲಿ ಕೂತು ಏನು ಮಾಡುತ್ತಾರೆ?

ಹಿಂದಿನಿಂದ ಏನೋ ಬಿದ್ದ ಸದ್ದಾಯಿತು. ಸುವಾದಾ ನೆಲಕ್ಕೆ ಕುಸಿದು ಮುಸುಕು ಎಳೆದುಕೊಂಡಿದ್ದಳು. ಅವಳ ಬಾಯಿಂದ ಬಂದ ಅಳು ಚಳಿಗಾಲವಿಡೀ ಒಳಗೆ ಕೂತದ್ದು. ಲಲ್ಲಾ ಹೆದರಿ ಅವಳ ಬೆನ್ನಿಗೆ ಅಂಟಿಕೊಂಡಳು. ಕಾಲ್ವೆಂಟಿಯಸ್ ಹೊರಡುವಾಗ ಬಾಗಿಲಲ್ಲಿ ನಿಂತು, ತಾನು ಪಟ್ಟಿ ಬಿಚ್ಚಿಸಿ ನಿಲ್ಲಿಸಿದ್ದಕ್ಕೇ ಹುಡುಗ ಓಡಿಹೋದ ಎಂದು ದಂಡಿನಲ್ಲಿ ಗುಸುಗುಸು ಇತ್ತು, ಇನ್ನು ಅದು ನಿಲ್ಲುತ್ತದೆ ಎಂದ. ಅವನ ಮುಖ ಹಗುರಾಗಿತ್ತು. ಸುಡುವ ಬೆಂಕಿಗೆ ಬಿದ್ದು ಸತ್ತ ಸುದ್ದಿಯಿಂದ ಹಗುರಾಗುವ ಮುಖವನ್ನು ನಾನು ಅವತ್ತೇ ಕಂಡದ್ದು. ಆದರೆ ಅವನನ್ನು ಬೈಯುವ ಬಾಯಿ ನನಗೂ ಇರಲಿಲ್ಲ, ನಾನೂ ಒಳಗೊಳಗೆ ಉಸಿರು ಬಿಡುತ್ತಿದ್ದೆ.

ಅವತ್ತಿನಿಂದ ಮನೆಯಲ್ಲಿ ನನಗೆ ಅನ್ನ ಸೇರದಾಯಿತು. ಮನೆ ಉಳಿಯಿತು, ಸರಿ. ಆದರೆ ಮಗಳು ನನ್ನ ಮಾತಿನಿಂದ ವಿಧವೆಯಾದಳು. ಅವಳು ಕೂದಲು ಬಿಚ್ಚಿಕೊಂಡು ಓಡಾಡುವಾಗ, ಅವನ ಹಳೆಯ ಉಣ್ಣೆಯ ಮೇಲಂಗಿಯನ್ನು ತೊಳೆದು ಮಡಿಸಿಡುವಾಗ, ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಹೇಳಿದರೆ? ಸುವಾದಾ ಚಿಕ್ಕವಳಿದ್ದಾಗಿನಿಂದ ಮುಖದಲ್ಲಿ ಏನನ್ನೂ ಮುಚ್ಚಿಟ್ಟವಳಲ್ಲ. ನೀರು ತರಲು ಹೋದರೆ ಸಾಕು, ಕೇರಿಯ ಹೆಂಗಸರು ಅವಳ ಮುಖ ನೋಡಿ ಅರ್ಧ ತಿಳಿದುಕೊಂಡು ಉಳಿದರ್ಧ ಸೇರಿಸುತ್ತಾರೆ. ಹೇಳದಿದ್ದರೆ, ಬದುಕಿರುವವನಿಗೆ ಅವಳು ಎಡೆ ಇಡುತ್ತಾಳೆ. ನಾಳೆ ಇನ್ನೊಬ್ಬನ ಕೈ ಹಿಡಿದರೂ ಹಿಡಿದಾಳು. ಎರಡೂ ನನಗೆ ಸಹಿಸಲಾಗುತ್ತಿರಲಿಲ್ಲ, ಹೀಗಾಗಿ ಸಿಕ್ಕಿದ್ದಕ್ಕೆಲ್ಲ ಸಿಡುಕಿದೆ; ಗಂಜಿಗೆ ಉಪ್ಪಿಲ್ಲ ಎಂದೆ, ಹಸಿ ಸೌದೆ ಎಂದೆ.

ಇದೆಲ್ಲಕ್ಕಿಂತ ನನ್ನನ್ನು ತಿಂದದ್ದು ಇನ್ನೊಂದು. ಹೆಣ ಸಿಗದವನಿಗೆ ನಮ್ಮಲ್ಲಿ ಖಾಲಿ ಗೋರಿ ಕಟ್ಟುತ್ತಾರೆ. ದಾರಿಯ ಬದಿಯಲ್ಲಿ ಗುಂಡಿ ತೋಡಿ, ಅವನದೊಂದು ವಸ್ತು ಇಟ್ಟು, ಹತ್ತಿರದವರೊಬ್ಬರು ಹೆಸರನ್ನು ಮೂರು ಸಲ ಕೂಗಿ ಕರೆಯಬೇಕು. ಆಗ ಅಲೆಯುತ್ತಿರುವ ಜೀವ ಬಂದು ಆ ಗುಂಡಿಯಲ್ಲಿ ನೆಲೆಯಾಗುತ್ತದೆ. ಸತ್ತವನಿಗೆ ಅದು ಪುಣ್ಯ. ಬದುಕಿರುವವನನ್ನು ಹಾಗೆ ಮೂರು ಸಲ ಕರೆದರೆ, ಅವನು ಎಲ್ಲೇ ಇರಲಿ, ಜೀವ ದೇಹ ಬಿಟ್ಟು ಎದ್ದುಬರುತ್ತದೆ, ಆ ವರ್ಷ ದಾಟುವುದಿಲ್ಲ ಎನ್ನುತ್ತಾರೆ. ನಾನು ನಂಬುತ್ತೇನೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ನನ್ನ ಮಗಳು ತನ್ನ ಬಾಯಿಂದಲೇ ತನ್ನ ಗಂಡನನ್ನು ಕೊಲ್ಲುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕಾಗಿತ್ತು. ಅವಳಿಗೆ ತಿಳಿಯದೆ.

ಜೊತೆಗಾರರು ಕಲ್ಲು ತಂದರು. ಬಡವರ ಕಲ್ಲು, ಮೂರ್ತಿಗೀರ್ತಿ ಇಲ್ಲ, ಹೆಸರು, ದಳ, ಅವನ ನಾಡು ಅಷ್ಟೆ. ಕೋಟೆಯಿಂದ ದಕ್ಷಿಣಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ನದಿ ಕಾಣುವ ಕಡೆ ಗುಂಡಿ ತೋಡಿದ್ದರು. ಬಿಸಿಲಿನ ಬೆಳಿಗ್ಗೆ. ಕಾಲ್ವೆಂಟಿಯಸ್ ತಲೆಯ ಮೇಲೆ ಬಟ್ಟೆ ಹೊದ್ದು ನಿಂತಿದ್ದ. ಜೊತೆಗಾರರು ದೀಜಾಸ್ ಹೇಗೆ ನಗುತ್ತಿದ್ದ, ಜೂಜಿನಲ್ಲಿ ಹೇಗೆ ಸೋಲುತ್ತಿದ್ದ ಎಂದು ಮಾತಾಡಿಕೊಳ್ಳುತ್ತಿದ್ದರು. ಬಿಲ್ಲೆಯನ್ನು ಸುವಾದಾ ತಾನೇ ಗುಂಡಿಗೆ ಇಳಿಸಿದಳು. ದ್ರಾಕ್ಷಾರಸ ಸುರಿದರು, ಬೇಳೆ, ಉಪ್ಪು ಹಾಕಿದರು. ಆಮೇಲೆ ಎಲ್ಲರೂ ಹಿಂದೆ ಸರಿದು ಅವಳನ್ನು ನೋಡಿದರು.

ಸುವಾದಾ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು, ಕತ್ತಿನ ನರ ಉಬ್ಬಿದ್ದು ಕಂಡಿತು, ದನಿ ಬರಲಿಲ್ಲ. ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದು ಯಾರೋ ಹಿಂದಿನಿಂದ ಅಂದರು. ಒಬ್ಬ ಸಿಪಾಯಿ ಅತ್ತೇಬಿಟ್ಟ. ಕಾಲ್ವೆಂಟಿಯಸ್ ನನ್ನ ಕಡೆ ತಿರುಗಿದ.

‘ನೀನಾದ್ರೂ ಕರೆ ಲೌಬಾ. ಕರೀದೆ ಮುಚ್ಚೋ ಹಾಗಿಲ್ಲ.’

ಆಣೆಗಾದರೆ ನನ್ನ ಕೈ ಎದ್ದಿತ್ತು. ಇದಕ್ಕೆ ನಾಲಿಗೆ ಏಳಲಿಲ್ಲ. ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ಕರೆಯದಿದ್ದರೆ ಏಕೆ ಎಂದು ಕೇಳುತ್ತಾರೆ. ಕೇಳಿದರೆ ಏನು ಹೇಳಲಿ?

ಆಗ ಲಲ್ಲಾ ಮುಂದೆ ಬಂದಳು. ದೊಡ್ಡವರಿಬ್ಬರಿಗೂ ಬಾರದ್ದನ್ನು ತಾನು ಮಾಡುತ್ತೇನೆ ಎನ್ನುವ ಜಂಬ ಅವಳ ಮುಖದಲ್ಲಿತ್ತು. ಗುಂಡಿಯ ಅಂಚಿನಲ್ಲಿ ನಿಂತು, ನದಿಯ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದಳು.

‘ಅಪ್ಪಾ ದೀಜಾಸ್, ಬಾ.’

ಆಚೆ ದಡದ ಮರಗಳ ತನಕ ಕೇಳುವ ಹಾಗೆ ಕೂಗಿದಳು. ಹಕ್ಕಿಗಳು ಎದ್ದವು. ಉತ್ತರ ಬರಲಿ ಎಂದು ತುಸು ಹೊತ್ತು ಕಾದಳು. ಬರಲಿಲ್ಲ. ಇನ್ನೂ ಗಟ್ಟಿಯಾಗಿ ಎರಡನೆಯ ಸಲ ಕೂಗಿದಳು. ಮೂರನೆಯದಕ್ಕೆ ಅವಳು ಎದೆ ಉಬ್ಬಿಸಿದ್ದೇ ತಡ, ಸುವಾದಾ ಎರಡು ಹೆಜ್ಜೆಗೆ ಹಾರಿ ಬಂದು ಮಗುವಿನ ಬಾಯಿಗೆ ಕೈ ಅಡ್ಡವಿಟ್ಟಳು. ಬರೀ ಇಟ್ಟದ್ದಲ್ಲ, ಅದುಮಿದಳು. ಲಲ್ಲಾಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಮಗು ಒದ್ದಾಡಿದರೂ ಬಿಡಲಿಲ್ಲ.

ನೋಡಿದವರಿಗೆ ಅದು ತಾಯಿಯ ಸಂಕಟ. ಸಾಕು, ಮಗುವಿನ ಕೈಲಿ ಇಂಥದ್ದು ಬೇಡ ಎಂದು ಕಾಲ್ವೆಂಟಿಯಸನೇ ಹೇಳಿ, ಮೂರನೆಯ ಕೂಗನ್ನು ಮನಸ್ಸಿನಲ್ಲೇ ಕೂಗಿಕೊಳ್ಳಿ ಎಂದು ಮಣ್ಣು ಮುಚ್ಚಿಸಿದ. ಸುವಾದಾ ತಲೆ ಎತ್ತಿ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ಹೆದರಿಕೆ ಇತ್ತು, ಸತ್ತವನಿಗಾಗಿ ಯಾರೂ ಪಡದ ಹೆದರಿಕೆ. ಆಗ ನನಗೆ ಎಲ್ಲ ತಿಳಿಯಿತು.

ಮನೆಗೆ ಬಂದೆವು. ಬಾಗಿಲು ಹಾಕಿದ ಮೇಲೆ ಕೇಳಿದೆ, ಯಾವಾಗ ಗೊತ್ತಾಯಿತು ಎಂದು. ಬಿಲ್ಲೆಯನ್ನು ದಳಪತಿಯ ಕೈಯಿಂದ ತೆಗೆದುಕೊಂಡ ಕೂಡಲೇ ಎಂದಳು. ಗುಳ್ಳೆ ನೋಡಿದೊಡನೆ ಅವನ ಕೈ ಎಂದು ತಿಳಿದಿತ್ತಂತೆ. ಬೊಟ್ಟನ್ನು ಆಮೇಲೆ ನೋಡಿದಳಂತೆ. ಹಾಗಾದರೆ ಅವತ್ತಿನ ಅಳು ನಾಟಕವೇ ಎಂದೆ, ಸ್ವಲ್ಪ ಸಿಟ್ಟಿನಿಂದಲೇ. ಇಷ್ಟು ದಿನ ನಾನು ಉಪವಾಸ ಬಿದ್ದದ್ದು ಸುಮ್ಮನೆಯೇ? ಅವಳು ನಾಟಕ ಅಲ್ಲ ಎಂದಳು. ನಿನ್ನದು ಮುಪ್ಪಿನ ಕಣ್ಣು, ನಿನಗೆ ತಿಳಿದಿಲ್ಲ, ನಿಜವಾಗಿಯೂ ಬೆಂಕಿ ಎಂದೇ ನಂಬಿದ್ದೀಯ, ಸತ್ತನೆಂದುಕೊಂಡರೆ ನನ್ನ ಮುಂದೆ ಅವನನ್ನು ಬೈಯದೆ ಇರುತ್ತೀಯ, ಹಾಗೇ ಇರಲಿ ಎಂದುಕೊಂಡಿದ್ದೆ ಎಂದಳು. ಒಂದೇ ಸೂ­ರಿನಡಿ ಇಬ್ಬರೂ ಒಬ್ಬರಿಂದೊಬ್ಬರು ಒಬ್ಬನನ್ನೇ ಬಚ್ಚಿಟ್ಟುಕೊಂಡು ತಿರುಗಿದ್ದೆವು.

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮೂರನೆಯದು ಆಗಲಿಲ್ಲ, ಅವನು ಬದುಕುತ್ತಾನೆ, ಸೂರು ಉಳಿಯಿತು, ಮಗಳಿಗೂ ತಿಳಿದಿದೆ. ಇನ್ನೇನು ಬೇಕು? ಹುಚ್ಚಿ ನಾನು, ಅದೇ ಉಮೇದಿನಲ್ಲಿ ಪಿಸುಗುಟ್ಟಿದೆ: ದಂಡು ಅವನನ್ನು ಇನ್ನು ಹುಡುಕುವುದಿಲ್ಲ. ಪುಕ್ಕದ ವ್ಯಾಪಾರಿ ಮತ್ತೆ ಆಚೆ ಹೋಗುತ್ತಾನೆ. ಬೇಸಗೆಯಲ್ಲಿ ನದಿ ಇಳಿಯುತ್ತದೆ. ನೀನು ಮಗುವನ್ನು ಕರೆದುಕೊಂಡು ಹೋಗುವುದಾದರೆ ಹೋಗು, ನನ್ನದು ಹೇಗೋ ನಡೆಯುತ್ತದೆ.

ಸುವಾದಾ ಬಿಚ್ಚಿದ ಕೂದಲನ್ನು ಹಿಂದಕ್ಕೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಿದಳು.

‘ವ್ಯಾಪಾರಿ ಚಳಿಗಾಲದಲ್ಲಿ ಎಷ್ಟು ಸಲ ಹೋಗಿಬಂದಿದಾನೆ ಅವ್ವ? ಅವನ ಕೈಲಿ ಒಂದು ಮಾತು ಹೇಳಿ ಕಳಿಸಬಹುದಿತ್ತು. ಇದೀನಿ ಅಂತ ಹೇಳೋದು ಬೇಡ, ಮಗು ಹೇಗಿದೆ ಅಂತ ಕೇಳಿಸಬಹುದಿತ್ತು. ಬಿಲ್ಲೆ ಮಾರೋಕೆ ದಾರಿ ಸಿಕ್ತು, ಇದಕ್ಕೆ ಸಿಗಲಿಲ್ಲ.’

ಕಾವಲು ಇರಬಹುದು, ಭಯ ಇರಬಹುದು, ಬಿಲ್ಲೆಯನ್ನು ಬೇರೆ ಯಾರೋ ಕಿತ್ತುಕೊಂಡು ಮಾರಿರಬಹುದು ಎಂದು ನಾನು ಏನೇನೋ ಜೋಡಿಸಿದೆ. ಅವನ ಪರವಾಗಿ ವಾದ ಮಾಡುವ ಕಾಲ ನನಗೆ ಬಂದೀತು ಎಂದು ಯಾರು ಅಂದುಕೊಂಡಿದ್ದರು. ಅವಳು ಪೂರ್ತಿ ಕೇಳಿದಳು, ತಲೆಯಾಡಿಸಿದಳು.

‘ಇರಬಹುದು. ಅದಕ್ಕೇ ಅವನು ಸಾಯೋದು ಬೇಡ ಅಂತ ಮಗು ಬಾಯಿ ಮುಚ್ಚಿದೆ. ಅವಳು ಅಷ್ಟು ಗಟ್ಟಿಯಾಗಿ ಕರೆದಳು, ಇಡೀ ನದಿಗೆ ಕೇಳಿಸ್ತು. ಅವನು ನಮ್ಮನ್ನ ಒಂದು ಸಲಾನೂ ಕರೀಲಿಲ್ಲವಲ್ಲ ಅವ್ವ.’

ಲಲ್ಲಾ ಹೊರಗಿನ ಹೊಸ್ತಿಲ ಮೇಲೆ ಕೂತು ನದಿಯ ಕಡೆ ನೋಡುತ್ತಿದ್ದಳು. ಊಟಕ್ಕೆ ಕರೆದರೆ ಒಳಗೆ ಬರಲಿಲ್ಲ. ಅಪ್ಪ ಬಂದಾಗ ಯಾರಾದರೂ ಇಲ್ಲಿ ಇರಬೇಕಲ್ಲ ಎಂದಳು. ಸುವಾದಾ ಅವಳ ತಟ್ಟೆಯನ್ನು ಹೊಸ್ತಿಲಿಗೇ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತಳು.